ವ್ಯಾಕರಣವೇ ವಿಮರ್ಶೆಯ ಮೊದಲ ಮೆಟ್ಟಿಲು



ಇಂಗ್ಲಿಷ್ ಓದುವ ನಮ್ಮ ಹುಡುಗ ಹುಡುಗಿಯರ ಚೀಲವನ್ನು ಒಮ್ಮೆ ಬಿಚ್ಚಿ ನೋಡಿರಿ. ಪಠ್ಯಪುಸ್ತಕದ ಜೊತೆಗೆ ಅಲ್ಲಿ ಮತ್ತೆರಡು ಪುಸ್ತಕಗಳಿರುತ್ತವೆ. ಒಂದು ವ್ಯಾಕರಣದ್ದು, ಇನ್ನೊಂದು ಗೈಡು. ಮೊದಲನೆಯದರಲ್ಲಿ ನಾಮಪದವೆಂದರೇನು, ಕ್ರಿಯಾಪದವೆಂದರೇನು, ಕಾಲಗಳೆಷ್ಟು ಎಂಬ ಲಕ್ಷಣಗಳೂ ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳೂ ಇವೆ. ಎರಡನೆಯದರಲ್ಲಿ ಕವಿಯ ಪರಿಚಯ, ಪದ್ಯದ ಸಾರಾಂಶ, ಅಲಂಕಾರಗಳ ಪಟ್ಟಿ ಇವೆ. ‘ಈ ಪದ್ಯ ನಿನಗೇಕೆ ಇಷ್ಟವಾಯಿತು?’ ಎಂಬ ಪ್ರಶ್ನೆಗೂ ಅಲ್ಲಿ ಸಿದ್ಧವಾದ ಉತ್ತರವಿದೆ. ತನಗೆ ಪದ್ಯವೇಕೆ ಇಷ್ಟವಾಯಿತೆಂಬುದನ್ನು ಇನ್ನೊಬ್ಬರು ಬರೆದುಕೊಡುವುದು, ಅದನ್ನು ಇವನು ಬಾಯಿಪಾಠ ಮಾಡಿ ಒಪ್ಪಿಸುವುದು! ಇದಕ್ಕೆ ವಿದ್ಯೆಯೆಂಬ ಹೆಸರು ಸಲ್ಲುವುದೇ ಎಂದು ಯೋಚಿಸಬೇಕಾಗಿದೆ.

ಈ ಎರಡು ಪುಸ್ತಕಗಳಿಗೆ ಪರಸ್ಪರ ಪರಿಚಯವೇ ಇಲ್ಲ. ವ್ಯಾಕರಣದ ಪುಸ್ತಕವು ತನ್ನ ಉದಾಹರಣೆಗಳನ್ನು ಪದ್ಯದಿಂದ ಆರಿಸುವುದಿಲ್ಲ. ಯಾರೂ ಎಂದೂ ಆಡದ ಸಪ್ಪೆ ವಾಕ್ಯಗಳನ್ನು ತಾನೇ ಹೊಸೆಯುತ್ತದೆ. ಗೈಡು ಪದ್ಯವನ್ನು ಹೊಗಳುವಾಗ ಒಂದು ವಿಭಕ್ತಿಯನ್ನಾಗಲಿ ಒಂದು ಕಾಲರೂಪವನ್ನಾಗಲಿ ಮುಟ್ಟುವುದಿಲ್ಲ. ಹೀಗಾಗಿ ವಿದ್ಯಾರ್ಥಿಗೆ ವ್ಯಾಕರಣವು ನಿರರ್ಥಕ ನಿಯಮಗಳ ರಾಶಿಯಾಗಿಯೂ, ವಿಮರ್ಶೆಯು ಆಧಾರವಿಲ್ಲದ ಸ್ತುತಿಯಾಗಿಯೂ ಕಾಣುತ್ತದೆ. ಇವೆರಡೂ ಒಂದೇ ವಿದ್ಯೆಯ ಎರಡು ಮೆಟ್ಟಿಲುಗಳು, ಮೊದಲನೆಯದನ್ನು ಏರದೆ ಎರಡನೆಯದಕ್ಕೆ ಕಾಲಿಡಲಾಗದು ಎಂಬುದೇ ಈ ಲೇಖನದ ಪ್ರತಿಪಾದನೆ. ಜೊತೆಗೆ ಇನ್ನೂ ಒಂದು ಮಾತು: ಆ ಮೊದಲ ಮೆಟ್ಟಿಲಿಗೆ ಬೇಕಾದ ಕಲ್ಲು ವಿದ್ಯಾರ್ಥಿಯ ಮನೆಯಲ್ಲಿಯೇ, ಅವನ ತಾಯ್ನುಡಿಯಲ್ಲಿಯೇ ಇದೆ.

ಇದನ್ನು ಪರೀಕ್ಷಿಸಲು ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬಯಲುಸೀಮೆಯ ನಮ್ಮ ಓದುಗರಿಗೆ ಲಾಯಿಲವೆಂಬ ಹೆಸರು ಅಷ್ಟಾಗಿ ಪರಿಚಿತವಿರಲಾರದು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೆಳ್ತಂಗಡಿ ಪಟ್ಟಣಕ್ಕೆ ತಾಗಿಕೊಂಡಿರುವ ಗ್ರಾಮವದು. ಧರ್ಮಸ್ಥಳದ ಯಾತ್ರಿಕರು ಆ ತಾಲೂಕಿನ ನೆಲವನ್ನು ತುಳಿದೇ ಹೋಗಿರುತ್ತಾರೆ. ಅಲ್ಲಿಯ ಮಗುವು ಮನೆಯಲ್ಲಿ ಬಹುಮಟ್ಟಿಗೆ ತುಳುವನ್ನು ಆಡುತ್ತದೆ. ಕೆಲವು ಮನೆಗಳಲ್ಲಿ ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಮಲಯಾಳಗಳೂ ಇವೆ. ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಕಲಿಯುತ್ತದೆ. ಅದರ ಮೇಲೆ ಇಂಗ್ಲಿಷ್ ಬರುತ್ತದೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಅದನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಲಾಯಿತು. ಹೀಗೆ ಮೂರು ವ್ಯಾಕರಣಗಳ ಸಂಗಮದಲ್ಲಿ ನಿಂತ ಮಗು ಅದು. ನಾವು ಹೇಳಹೊರಟ ಮಾತು ಅಲ್ಲಿ ಸಾಧುವಾದರೆ, ಕನ್ನಡವೊಂದೇ ಮನೆಮಾತಾಗಿರುವ ಬಯಲುಸೀಮೆಯಲ್ಲಿ ಇನ್ನೂ ಸುಲಭವಾಗಿ ಸಾಧುವಾಗುತ್ತದೆ.

ವ್ಯಾಕರಣವನ್ನೂ ಕಾವ್ಯವಿಚಾರವನ್ನೂ ಬೇರ್ಪಡಿಸುವ ಪದ್ಧತಿ ಕನ್ನಡಿಗರದಲ್ಲ. ಕ್ರಿಸ್ತಶಕ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಮೊದಲು ಮಾತಿನ ದೋಷಗಳನ್ನು ವಿಚಾರಿಸಿ, ಅನಂತರ ಶಬ್ದಾಲಂಕಾರಕ್ಕೂ ಅರ್ಥಾಲಂಕಾರಕ್ಕೂ ಹೋಗುತ್ತದೆ. ನಾಗವರ್ಮನ ‘ಕಾವ್ಯಾವಲೋಕನ’ವು ಕಾವ್ಯಶಾಸ್ತ್ರದ ಗ್ರಂಥ, ಆದರೆ ಅದರ ಮೊದಲ ಭಾಗಕ್ಕೆ ‘ಶಬ್ದಸ್ಮೃತಿ’ ಎಂದು ಹೆಸರು, ಅದು ಕನ್ನಡ ವ್ಯಾಕರಣ. ಅಂದರೆ ಕಾವ್ಯವನ್ನು ಅವಲೋಕಿಸುವವನು ಮೊದಲು ಶಬ್ದವನ್ನು ಅರಿಯಬೇಕೆಂಬುದು ಗ್ರಂಥದ ರಚನೆಯಲ್ಲಿಯೇ ಸಿದ್ಧವಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನಾದರೋ ‘ಶಬ್ದಮಣಿದರ್ಪಣ’ದಲ್ಲಿ ತನ್ನ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನೇ ಸಾಕ್ಷಿಯಾಗಿ ಒಡ್ಡಿದನು. ಅವನಿಗೆ ವ್ಯಾಕರಣವೆಂದರೆ ಕವಿಗಳು ಆಡಿದ ಮಾತಿನ ಕ್ರಮವೇ ಹೊರತು ಕವಿಗಳ ಮೇಲೆ ಹೇರಿದ ಕಟ್ಟಳೆಯಲ್ಲ.

ಈ ಪರಂಪರೆಗೂ ದಕ್ಷಿಣ ಕನ್ನಡಕ್ಕೂ ಒಂದು ವಿಶೇಷ ಸಂಬಂಧವಿದೆ. ಕಿಟ್ಟೆಲರು ಸಂಪಾದಿಸಿದ ‘ಶಬ್ದಮಣಿದರ್ಪಣ’ವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದು 1872ರಲ್ಲಿ. ಅದೇ ವರ್ಷ, ಅದೇ ಊರಿನಿಂದ ಬ್ರಿಗೆಲರ ತುಳು ವ್ಯಾಕರಣವೂ ಹೊರಬಂದಿತು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ, ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾದವು. ಹೊರನಾಡಿನಿಂದ ಬಂದ ಆ ಪಾದ್ರಿಗಳು ಇಲ್ಲಿಯ ಭಾಷೆಗಳನ್ನು ಕಲಿಯಲು ತಮಗೆ ತಿಳಿದ ಭಾಷೆಯ ವ್ಯಾಕರಣದೊಡನೆ ಹೋಲಿಸಿಯೇ ಕಲಿತರು. ಅವರಿಗೆ ದಕ್ಕಿದ ಆ ಮಾರ್ಗ ನಮ್ಮ ಮಕ್ಕಳಿಗೆ ಏಕೆ ದಕ್ಕಬಾರದು? ಇಂಗ್ಲಿಷಿನ ತರಗತಿಯಲ್ಲಿ ತುಳುವಿನ ಒಂದು ಮಾತು ಬಾಯಿಂದ ಬಿದ್ದರೆ ದಂಡ ವಿಧಿಸುವ ಶಾಲೆಗಳಿರುವಾಗ ಈ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಈಗ ಕೆಲವು ನಿದರ್ಶನಗಳನ್ನು ನೋಡೋಣ.

ಇಂಗ್ಲಿಷಿನಲ್ಲಿ ‘ಹಿ ಕೇಮ್’ ಎಂಬುದಕ್ಕೂ ‘ಹಿ ಹ್ಯಾಸ್ ಕಮ್’ ಎಂಬುದಕ್ಕೂ ಇರುವ ಭೇದವನ್ನು ಕಲಿಸಲು ಅಧ್ಯಾಪಕರು ಬಹಳ ಶ್ರಮಪಡುತ್ತಾರೆ. ಮೊದಲನೆಯದು ಆಗಿಹೋದ ಕಾರ್ಯವನ್ನು ಹೇಳುತ್ತದೆ. ಎರಡನೆಯದು ಆಗಿಹೋದ ಕಾರ್ಯದ ಫಲ ಈಗಲೂ ಇದೆಯೆಂದು ಹೇಳುತ್ತದೆ. ಲಾಯಿಲದ ಮಗುವಿಗೆ ಇದು ಹೊಸದೇ? ಅದು ಮನೆಯಲ್ಲಿ ‘ಆಯೆ ಬತ್ತೆ’ ಎಂದೂ ‘ಆಯೆ ಬೈದೆ’ ಎಂದೂ ಬೇರೆ ಬೇರೆಯಾಗಿ ಆಡುತ್ತಲೇ ಬೆಳೆದಿದೆ. ಮೊದಲನೆಯದು ‘ಅವನು ಬಂದನು’, ಎರಡನೆಯದು ‘ಅವನು ಬಂದಿದ್ದಾನೆ’. ಕನ್ನಡವು ಎರಡು ಕ್ರಿಯೆಗಳನ್ನು ಕೂಡಿಸಿ ಹೇಳುವುದನ್ನು ತುಳುವು ಒಂದೇ ಕ್ರಿಯಾರೂಪದಲ್ಲಿ ಅಡಗಿಸುತ್ತದೆ. ಇಷ್ಟು ಸೂಕ್ಷ್ಮವಾದ ಭೇದವನ್ನು ಐದು ವರ್ಷ ತುಂಬುವ ಮೊದಲೇ ಬಲ್ಲ ಮಗುವಿಗೆ, ‘ನಿನಗೆ ಗ್ರಾಮರ್ ತಲೆಗೆ ಹತ್ತುವುದಿಲ್ಲ’ ಎಂದು ಹೇಳುವವರ ಮಾತು ಅಜ್ಞಾನದ ಮಾತು. ಸಾಮ್ಯವು ಪೂರ್ಣವಲ್ಲವೆಂಬುದನ್ನೂ ಹೇಳಬೇಕು. ಕನ್ನಡದಲ್ಲಿ ‘ನಿನ್ನೆಯೇ ಬಂದಿದ್ದಾನೆ’ ಎನ್ನಬಹುದು. ಇಂಗ್ಲಿಷಿನ ಆ ರೂಪವು ‘ನಿನ್ನೆ’ ಎಂಬ ಕಾಲವಾಚಕವನ್ನು ಸಹಿಸದು. ಎಲ್ಲಿ ಸಾಮ್ಯವಿದೆಯೋ ಅಲ್ಲಿಂದ ಹೊರಟು ಎಲ್ಲಿ ಭೇದವಿದೆಯೋ ಅಲ್ಲಿಗೆ ಕೈಹಿಡಿದು ಕರೆದೊಯ್ಯುವುದೇ ಬೋಧನೆ.

ಇನ್ನು ‘ವಿ’ ಎಂಬ ಸರ್ವನಾಮ. ಇಂಗ್ಲಿಷಿನಲ್ಲಿ ಇದು ಒಂದೇ ಪದ. ಕನ್ನಡದ ‘ನಾವು’ ಕೂಡ ಒಂದೇ. ತುಳುವಿನಲ್ಲಿ ಹಾಗಲ್ಲ. ಕೇಳುವವನನ್ನೂ ಸೇರಿಸಿಕೊಂಡು ಹೇಳಿದರೆ ‘ನಮ’, ಅವನನ್ನು ಬಿಟ್ಟು ಹೇಳಿದರೆ ‘ಎಂಕುಲು’. ಒಂದು ಇಂಗ್ಲಿಷ್ ಪದ್ಯದಲ್ಲಿ ‘ವಿ’ ಎಂಬ ಮಾತು ಬಂದಾಗ ತುಳುವನಾಡಿನ ವಿದ್ಯಾರ್ಥಿ ಅದನ್ನು ತನ್ನ ಭಾಷೆಗೆ ತಿರುಗಿಸಲು ಯತ್ನಿಸಿದರೆ ತಕ್ಷಣ ಒಂದು ಪ್ರಶ್ನೆ ಏಳುತ್ತದೆ: ಈ ಕವಿ ನನ್ನನ್ನೂ ಸೇರಿಸಿ ಹೇಳುತ್ತಿದ್ದಾನೆಯೇ, ಹೊರಗಿಟ್ಟು ಹೇಳುತ್ತಿದ್ದಾನೆಯೇ? ಇದು ವ್ಯಾಕರಣದ ಪ್ರಶ್ನೆಯೋ ವಿಮರ್ಶೆಯ ಪ್ರಶ್ನೆಯೋ ನೀವೇ ಹೇಳಿರಿ. ದೊಡ್ಡ ವಿಮರ್ಶಕರು ಕೇಳಬೇಕಾದ ಪ್ರಶ್ನೆಯನ್ನು ತುಳುವಿನ ಸರ್ವನಾಮವು ಹತ್ತು ವರ್ಷದ ಹುಡುಗಿಯಿಂದ ಕೇಳಿಸುತ್ತದೆ. (ಮಠದ ಪತ್ರಗಳಲ್ಲಿ ಸ್ವಾಮಿಗಳು ತಮ್ಮೊಬ್ಬರನ್ನೇ ‘ನಾವು’ ಎಂದುಕೊಳ್ಳುವುದು ಮೂರನೆಯ ಬಗೆ, ಅದರ ಅರ್ಥವನ್ನು ಸಂದರ್ಭದಿಂದಲೇ ತಿಳಿಯಬೇಕು.)

‘ಎ’, ‘ದಿ’ ಎಂಬ ಎರಡು ಚಿಕ್ಕ ಪದಗಳು ನಮ್ಮ ವಿದ್ಯಾರ್ಥಿಗಳನ್ನು ಕಾಡುವಷ್ಟು ಬೇರಾವುವೂ ಕಾಡಲಾರವು. ಕನ್ನಡದಲ್ಲಿ ಅವುಗಳಿಗೆ ಸಮನಾದ ಪದಗಳಿಲ್ಲವೆಂಬುದು ನಿಜ. ಆದರೆ ಆ ಭಾವವಿಲ್ಲವೆಂಬುದು ಸುಳ್ಳು. ಆಡುಮಾತಿನಲ್ಲಿ ‘ಪೇಟೆಯಿಂದ ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ನಮ್ಮಿಬ್ಬರಿಗೂ ತಿಳಿದಿರುವ ಆ ಪುಸ್ತಕ ಎಂಬ ಧ್ವನಿ ಬರುತ್ತದೆ. ಇಂಗ್ಲಿಷ್ ನಾಮಪದದ ಮುಂದೆ ಮಾಡುವ ಕೆಲಸವನ್ನು ಕನ್ನಡವು ಎಷ್ಟೋ ವೇಳೆ ನಾಮಪದದ ಹಿಂದೆ, ದ್ವಿತೀಯಾ ವಿಭಕ್ತಿಯಲ್ಲಿ ಮಾಡುತ್ತದೆ.

ಪರಿಭಾಷೆಯ ತೊಡಕು ಬೇರೆ. ಇಂಗ್ಲಿಷಿನವರು ‘ನಾನು’ ಎಂಬುದನ್ನು ಮೊದಲನೆಯ ಪುರುಷ ಎಂದು ಎಣಿಸುತ್ತಾರೆ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮಪುರುಷ. ಪ್ರಥಮಪುರುಷವೆಂದರೆ ‘ಅವನು’, ‘ಅವಳು’, ‘ಅದು’. ಕನ್ನಡದ ತರಗತಿಯಲ್ಲಿ ಒಂದು, ಇಂಗ್ಲಿಷಿನ ತರಗತಿಯಲ್ಲಿ ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಎರಡು ತರಗತಿಗಳ ಅಧ್ಯಾಪಕರು ಒಂದು ದಿನ ಕೂಡಿ ಕುಳಿತು ಮಾತನಾಡಿದರೆ ಹತ್ತು ನಿಮಿಷದಲ್ಲಿ ಬಗೆಹರಿಯುವ ಗೊಂದಲವಿದು. ಕೂಡಿ ಕುಳಿತುಕೊಳ್ಳದ ಕಾರಣ ವಿದ್ಯಾರ್ಥಿಯು ಅದನ್ನು ಪದವಿಯವರೆಗೂ ಹೊತ್ತು ಸಾಗುತ್ತಾನೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪದ್ಯಕ್ಕೆ ಹೋಗೋಣ. ವರ್ಡ್ಸ್‌ವರ್ತ್ ಕವಿಯ ‘ದಿ ಸಾಲಿಟರಿ ರೀಪರ್’ ಎಂಬ ಕವಿತೆ ಹಲವು ತಲೆಮಾರುಗಳಿಂದ ನಮ್ಮ ದೇಶದ ತರಗತಿಗಳಲ್ಲಿ ನಡೆದುಬಂದಿದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಒಬ್ಬಳೇ ಪೈರು ಕೊಯ್ಯುತ್ತ ಹಾಡುತ್ತಿರುವ ಹುಡುಗಿ, ಅವಳ ಭಾಷೆ ತಿಳಿಯದೆ ಹಾಡನ್ನು ಮಾತ್ರ ಕೇಳುವ ದಾರಿಹೋಕ: ಇಷ್ಟೇ ವಸ್ತು. ನೇಜಿ ನೆಡುವ ಹೆಂಗಸರ ಪಾಡ್ದನವನ್ನೋ ಓಬೇಲೆಯನ್ನೋ ಕೇಳಿದ ಮನೆತನದ ಮಗುವಿಗೆ ಇದು ಹೊರನಾಡಿನ ಚಿತ್ರವೇ ಅಲ್ಲ. ಈಗ ಗದ್ದೆಗಳು ಅಡಿಕೆ, ರಬ್ಬರು ತೋಟಗಳಾದ ಕಡೆ ಆ ಹಾಡು ಅಪರೂಪವಾಗಿದ್ದರೂ ಅಜ್ಜಿಯಂದಿರ ನೆನಪಿನಲ್ಲಿ ಅದಿನ್ನೂ ಇದೆ.

ಪಾಠಶಾಲೆಯಲ್ಲಿ ಕಾವ್ಯವನ್ನು ಓದಿಸುವಾಗ ನಮ್ಮ ಗುರುಗಳು ಐದು ಅಂಗಗಳನ್ನು ಪಾಲಿಸುತ್ತಿದ್ದರು: ಪದಚ್ಛೇದ, ಪದಾರ್ಥ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ–ಸಮಾಧಾನ. ಪದಗಳನ್ನು ಬಿಡಿಸುವುದು, ಅವುಗಳ ಅರ್ಥ ಹೇಳುವುದು, ಸಮಾಸಗಳನ್ನು ಒಡೆಯುವುದು, ಅನ್ವಯ ಮಾಡುವುದು, ಕೊನೆಗೆ ಸಂದೇಹವನ್ನೆತ್ತಿ ಪರಿಹರಿಸುವುದು. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಾವ್ಯವನ್ನು ಓದಿದಾಗ ‘ನಿಕಟ ಓದು’ ಎಂಬ ಹೊಸ ಹೆಸರಿನಲ್ಲಿ ಹೆಚ್ಚುಕಡಿಮೆ ಇದನ್ನೇ ಕಂಡೆವು. ಆದುದರಿಂದ ಈ ಐದಂಗಗಳ ದಾರಿಯನ್ನು ಇಂಗ್ಲಿಷ್ ಪದ್ಯಕ್ಕೂ ಹಿಡಿಯಬಹುದು.

ಮೊದಲು ಹೆಸರನ್ನೇ ಬಿಡಿಸೋಣ. ‘ರೀಪ್’ ಎಂದರೆ ಕೊಯ್ಯುವುದು. ಅದಕ್ಕೆ ‘ಅರ್’ ಎಂಬ ಪ್ರತ್ಯಯ ಹತ್ತಿ ಕೊಯ್ಯುವವಳು ಎಂದಾಯಿತು. ಕನ್ನಡದ ‘ಗಾರ’, ‘ಇಗ’ ಪ್ರತ್ಯಯಗಳಂತೆ ಮಾಡುವವರನ್ನು ಇದು ಹೇಳುತ್ತದೆ. ಗಂಡೋ ಹೆಣ್ಣೋ ಎಂಬುದನ್ನು ಹೇಳುವುದಿಲ್ಲ. ಕೊಯ್ಯುವವಳು ಹೆಣ್ಣೆಂದು ಪದ್ಯದ ಒಳಗೆ ಹೋದ ಮೇಲೆಯೇ ತಿಳಿಯುವುದು. ಇನ್ನು ‘ದಿ’. ನಾವು ಇನ್ನೂ ಕಾಣದ ಹುಡುಗಿಗೆ ‘ಎ’ ಎನ್ನದೆ ‘ದಿ’ ಎಂದದ್ದೇಕೆ? ನಮಗೆ ಆಗಲೇ ತಿಳಿದವಳೆಂಬಂತೆ, ಆ ಹೊಲಕ್ಕೆ ಅವಳೊಬ್ಬಳೇ ಎಂಬಂತೆ ಕವಿ ಅವಳನ್ನು ಎದುರಿಗೆ ನಿಲ್ಲಿಸುತ್ತಾನೆ. ಎರಡು ಪದಗಳ ಹೆಸರಿಗಿಂತ ಮುಂಚಿನ ಈ ಪುಟ್ಟ ಪದವನ್ನು ಗಮನಿಸಿದ ವಿದ್ಯಾರ್ಥಿ ವಿಮರ್ಶೆಯನ್ನು ಆರಂಭಿಸಿಯೇಬಿಟ್ಟನು.

ಪದ್ಯದ ಮೊದಲ ಖಂಡದಲ್ಲಿ ಮುಖ್ಯ ಕ್ರಿಯಾಪದಗಳು ಎರಡು ಬಗೆ. ಕೆಲವು ವಿಧ್ಯರ್ಥದವು: ನೋಡು, ನಿಲ್ಲು ಅಥವಾ ಮೆಲ್ಲನೆ ಸಾಗು, ಆಲಿಸು. ಉಳಿದವು ವರ್ತಮಾನಕಾಲದವು: ಅವಳು ಕೊಯ್ಯುತ್ತಾಳೆ, ಕಟ್ಟುತ್ತಾಳೆ, ಹಾಡುತ್ತಾಳೆ. ವಿಧ್ಯರ್ಥವಿದ್ದಲ್ಲಿ ಮಧ್ಯಮಪುರುಷನೊಬ್ಬ ಇರಲೇಬೇಕು. ಯಾರವನು? ದಾರಿಯಲ್ಲಿ ಹೋಗುವ ಇನ್ನೊಬ್ಬನೇ, ಓದುಗನೇ, ಕವಿಯ ಮನಸ್ಸೇ? ಕನ್ನಡಕ್ಕೆ ತಿರುಗಿಸುವವನು ‘ನೋಡು’ ಎನ್ನಬೇಕೋ ‘ನೋಡಿರಿ’ ಎನ್ನಬೇಕೋ ಎಂದು ನಿಶ್ಚಯಿಸಲೇಬೇಕು. ಇಂಗ್ಲಿಷಿನವನಿಗೆ ಆ ಕಷ್ಟವೂ ಇಲ್ಲ, ಆ ಲಾಭವೂ ಇಲ್ಲ. ಅಂತೆಯೇ ಒಂಟಿತನವನ್ನು ಹೇಳುವ ಮಾತುಗಳು ಆ ಒಂದೇ ಖಂಡದಲ್ಲಿ ನಾಲ್ಕಿವೆ. ನಾಲ್ಕೂ ಬೇರೆ ಬೇರೆ. ಹುಡುಕಿ ಗೆರೆ ಎಳೆಯಲು ಹೇಳಿದರೆ ಮಕ್ಕಳೇ ಹುಡುಕಿಯಾರು.

ಎರಡನೆಯ ಖಂಡದಲ್ಲಿ ಅರಬ್ಬೀ ಮರುಭೂಮಿಯ ನೈಟಿಂಗೇಲ್ ಹಕ್ಕಿಯೂ ದೂರದ ಹೆಬ್ರಿಡೀಸ್ ದ್ವೀಪಗಳ ಕೋಗಿಲೆಯೂ ಬರುತ್ತವೆ. ಇದನ್ನು ‘ಸಿಮಿಲಿ’, ಅಂದರೆ ಉಪಮೆ, ಎಂದು ಬರೆದ ಗೈಡುಗಳನ್ನು ಕಂಡಿದ್ದೇವೆ. ಹಾಗೆ ಬರೆದವರು ಅಲ್ಲಿಯ ನಿಷೇಧವಾಚಕಗಳನ್ನು ಓದಿಲ್ಲ. ಕವಿಯು ‘ಹಕ್ಕಿಯ ಹಾಗೆ ಹಾಡಿದಳು’ ಎನ್ನುವುದಿಲ್ಲ. ಯಾವ ಹಕ್ಕಿಯೂ ಇಷ್ಟು ಹಿತವಾಗಿ ಹಾಡಿದ್ದಿಲ್ಲ, ಇಷ್ಟು ಪುಳಕಗೊಳಿಸುವ ದನಿ ಎಂದೂ ಕೇಳಿಬಂದದ್ದಿಲ್ಲ ಎನ್ನುತ್ತಾನೆ. ಉಪಮಾನಕ್ಕಿಂತ ಉಪಮೇಯವೇ ಮಿಗಿಲೆಂದು ಹೇಳಿದರೆ ನಮ್ಮ ಶಾಸ್ತ್ರದಲ್ಲಿ ಅದು ವ್ಯತಿರೇಕಾಲಂಕಾರ. ಅಲಂಕಾರವನ್ನು ಗುರುತಿಸುವುದು ಪಟ್ಟಿಯಿಂದ ಸಾಧ್ಯವಿಲ್ಲ. ವಾಕ್ಯದಲ್ಲಿ ‘ಇಲ್ಲ’ ಎಂಬುದು ಎಲ್ಲಿ ಕುಳಿತಿದೆಯೆಂದು ನೋಡುವುದರಿಂದ ಸಾಧ್ಯ. ಕೊನೆಯ ಖಂಡದಲ್ಲಿ ಹಾಡಿಗೆ ಮುಗಿವೇ ಇರಲಾರದೋ ಎಂಬಂತೆ ಎಂದು ಬರುತ್ತದೆ. ಆ ‘ಎಂಬಂತೆ’ ಎಂಬುದು ಸಂಭಾವನೆಯ ಮಾತು, ಅದು ಉತ್ಪ್ರೇಕ್ಷೆ.

ಮೂರನೆಯ ಖಂಡವು ಪ್ರಶ್ನೆಯಿಂದ ತೊಡಗುತ್ತದೆ: ಅವಳು ಹಾಡುತ್ತಿರುವುದು ಏನೆಂದು ನನಗೆ ತಿಳಿಸುವವರಿಲ್ಲವೇ? ಮುಂದೆ ಬರುವುದೆಲ್ಲ ಊಹೆ. ‘ಪರ್ಹ್ಯಾಪ್ಸ್’, ‘ಮೇ’ ಎಂಬ ಸಂದೇಹವಾಚಕಗಳು ಅದಕ್ಕೆ ಸಾಕ್ಷಿ. ಹಳೆಯ ಯುದ್ಧಗಳ ದುಃಖವಿರಬಹುದು, ದಿನನಿತ್ಯದ ನೋವಿರಬಹುದು. ಗೈಡು ಇದನ್ನು ನಿಶ್ಚಯಾರ್ಥಕ್ಕೆ ತಿರುಗಿಸಿ, ಹುಡುಗಿ ಹಳೆಯ ಯುದ್ಧಗಳನ್ನು ಕುರಿತು ಹಾಡುತ್ತಾಳೆ ಎಂದು ಸಾರಾಂಶ ಬರೆದರೆ ಪದ್ಯದ ಪ್ರಾಣವನ್ನೇ ತೆಗೆದಂತಾಯಿತು. ಕವಿಗೆ ಉತ್ತರ ಸಿಗಲಿಲ್ಲ ಎಂಬುದೇ ಪದ್ಯದ ಸಂಗತಿ.

ವಾಕ್ಯಯೋಜನೆಗೆ ಬಂದರೆ ಕೊನೆಯಿಂದ ಎರಡನೆಯ ಸಾಲು ನಮ್ಮ ಮಕ್ಕಳಿಗೆ ಸಂತೋಷ ಕೊಡುವಂಥದು. ಇಂಗ್ಲಿಷಿನ ವಾಡಿಕೆ ಕರ್ತೃ, ಕ್ರಿಯೆ, ಕರ್ಮ ಎಂದು. ಇಲ್ಲಿ ಕರ್ಮವು ಮೊದಲು ಬಂದು ಕ್ರಿಯಾಪದವು ಕೊನೆಗೆ ನಿಂತಿದೆ. ಕ್ರಿಯೆಯನ್ನು ಕೊನೆಗಿಡುವುದು ನಮ್ಮ ಭಾಷೆಗಳ ಕ್ರಮವಲ್ಲವೇ? ಛಂದಸ್ಸಿಗಾಗಿ ಕವಿ ತನ್ನ ಭಾಷೆಯ ಕ್ರಮವನ್ನು ಮುರಿದಾಗ ಅದು ಕನ್ನಡದ ಹತ್ತಿರ ಬಂದಿತು.

ಇನ್ನು ಆಕ್ಷೇಪ. ಮೊದಲ ಮತ್ತು ಮೂರನೆಯ ಖಂಡಗಳಲ್ಲಿ ಹುಡುಗಿ ಈಗ ಹಾಡುತ್ತಿದ್ದಾಳೆ. ಕೊನೆಯ ಖಂಡದಲ್ಲಿ ಹಾಡಿದಳು, ನಾನು ಕೇಳಿದೆ, ಬೆಟ್ಟವೇರಿದೆ ಎಂದು ಭೂತಕಾಲ. ಇದು ಕಾಲದೋಷವಲ್ಲವೇ? ವ್ಯಾಕರಣದ ಪರೀಕ್ಷೆಯಲ್ಲಿ ವಿದ್ಯಾರ್ಥಿ ಹೀಗೆ ಕಾಲ ಬದಲಿಸಿದರೆ ಅಂಕ ಕಳೆಯುತ್ತೇವಲ್ಲ! ಸಮಾಧಾನವಿದು: ಕೇಳುತ್ತಿರುವುದು ನೆನಪಾಗಿ ಮಾರ್ಪಡುವುದೇ ಈ ಪದ್ಯದ ವಿಷಯ. ಆ ಮಾರ್ಪಾಟನ್ನು ಕವಿ ಬೇರೆ ಮಾತಿನಿಂದ ಹೇಳಲಿಲ್ಲ. ಕ್ರಿಯಾಪದದ ಕಾಲವನ್ನು ಬದಲಿಸಿ ತೋರಿಸಿದನು. ಕಾಲರೂಪಗಳ ಪಾಠವನ್ನು ಮನಸ್ಸಿಟ್ಟು ಓದಿದವನಿಗೆ ಮಾತ್ರ ಇದು ಕಾಣುತ್ತದೆ.

ಮತ್ತೊಂದು ಆಕ್ಷೇಪವೂ ಉಂಟು. ಪದ್ಯದಲ್ಲಿ ‘ನಾನು’ ಎಂದಿರುವುದರಿಂದ ವರ್ಡ್ಸ್‌ವರ್ತನೇ 1803ರ ತನ್ನ ಸ್ಕಾಟ್ಲೆಂಡ್ ಪ್ರವಾಸದಲ್ಲಿ ಈ ಹುಡುಗಿಯನ್ನು ಕಂಡನೆಂದು ಹಲವರು ಬರೆಯುತ್ತಾರೆ. ವಾಸ್ತವ ಹಾಗಿಲ್ಲ. ಥಾಮಸ್ ವಿಲ್ಕಿನ್ಸನ್ ಎಂಬ ಮಿತ್ರನು ಬರೆದ ಪ್ರವಾಸದ ಹಸ್ತಪ್ರತಿಯಲ್ಲಿದ್ದ ಒಂದು ವಾಕ್ಯ ಈ ಪದ್ಯಕ್ಕೆ ಪ್ರೇರಣೆ. ಪದ್ಯವು 1805ರಲ್ಲಿ ರಚಿತವಾಗಿ 1807ರಲ್ಲಿ ಅಚ್ಚಾದಾಗ ಕವಿಯೇ ಆ ಋಣವನ್ನು ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾನೆ. ಕೊನೆಯ ಸಾಲು ಮಿತ್ರನದೇ ಎಂದೂ ಹೇಳಿದ್ದಾನೆ. ಹಾಗಾದರೆ ಪದ್ಯದ ‘ನಾನು’ ಎಂಬ ಉತ್ತಮಪುರುಷನು ಕವಿಯೆಂಬ ಮನುಷ್ಯನಲ್ಲ, ಪದ್ಯದೊಳಗೆ ಮಾತಾಡುವವನು. ಈ ವಿವೇಕ ಬಂದ ವಿದ್ಯಾರ್ಥಿ ಮುಂದೆ ಯಾವ ಕಾವ್ಯವನ್ನು ಓದಿದರೂ ಮೋಸಹೋಗನು.

ಇದೇ ವಿವೇಕವು ನಮ್ಮ ವಚನಗಳ ಓದಿಗೂ ಬೇಕು. ವಚನದ ಕೊನೆಯ ಹೆಸರನ್ನು ‘ಅಂಕಿತ’ವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಅದು ಯಾವ ವಿಭಕ್ತಿಯಲ್ಲಿದೆಯೆಂದು ಕೇಳುವವರು ವಿರಳ. ಬಸವಣ್ಣನವರ ಎಷ್ಟೋ ವಚನಗಳಲ್ಲಿ ಕೂಡಲಸಂಗಮದೇವನ ಹೆಸರು ಸಂಬೋಧನೆಯಲ್ಲಿದೆ. ಅಂದರೆ ಅಷ್ಟು ಹೊತ್ತು ನಾವು ಕೇಳಿದ್ದು ನಮಗೆ ಹೇಳಿದ ಉಪದೇಶವಲ್ಲ, ದೇವನಿಗೆ ಹೇಳಿದ ಮಾತು. ನಾವು ಪಕ್ಕದಲ್ಲಿ ನಿಂತು ಕೇಳಿದವರು. ಅಕ್ಕಮಹಾದೇವಿಯವರ ಕೆಲವು ವಚನಗಳಲ್ಲಿ ‘ಅವ್ವ’ ಎಂದೋ ‘ಕೆಳದಿ’ ಎಂದೋ ಸಂಬೋಧನೆಯಿದ್ದು, ಚೆನ್ನಮಲ್ಲಿಕಾರ್ಜುನನು ಪ್ರಥಮಪುರುಷದಲ್ಲಿ ಬರುತ್ತಾನೆ. ಅಲ್ಲಿ ದೇವನು ಕೇಳುವವನಲ್ಲ, ಮಾತಿನ ವಿಷಯ. ಭಕ್ತಿಯ ಎರಡು ಸ್ಥಿತಿಗಳ ಭೇದವನ್ನು ಒಂದು ವಿಭಕ್ತಿ ತಿಳಿಸಿಕೊಡುತ್ತದೆ. ‘ಶೂನ್ಯಸಂಪಾದನೆ’ಯನ್ನು ಕ್ರಮಪಡಿಸಿದವರು ವಚನಗಳನ್ನು ಸಂವಾದವಾಗಿ ಹೊಂದಿಸಿದಾಗ, ಯಾರು ಯಾರಿಗೆ ಹೇಳಿದರು ಎಂಬ ಈ ಪ್ರಶ್ನೆಯೇ ಅವರ ಮುಂದಿತ್ತು.

ಎ. ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದು ‘ಸ್ಪೀಕಿಂಗ್ ಆಫ್ ಶಿವ’ ಎಂದು ಪ್ರಕಟಿಸಿದಾಗ ‘ಕೂಡಲಸಂಗಮದೇವ’ ಎಂಬುದನ್ನು ಹಾಗೆಯೇ ಉಳಿಸದೆ, ಕೂಡುವ ಹೊಳೆಗಳ ಒಡೆಯ ಎಂಬ ಅರ್ಥ ಬರುವಂತೆ ಬಿಡಿಸಿದರು. ಸಮಾಸದ ವಿಗ್ರಹವನ್ನೇ ಅನುವಾದವಾಗಿಸಿದರು. ಇದರಿಂದ ಅನ್ಯಭಾಷೆಯ ಓದುಗನಿಗೆ ಹೊಳೆಗಳು ಕಂಡವು. ಆ ಲಾಭ ದೊಡ್ಡದು. ಆದರೆ ಭಕ್ತನು ಕರೆಯುವುದು ಹೆಸರಿಡಿದು. ಕರೆಯುವ ಹೆಸರು ಬಣ್ಣನೆಯಾದಾಗ ಸಂಬೋಧನೆಯ ಬಿಸಿ ಸ್ವಲ್ಪ ಆರುತ್ತದೆ. ಇದನ್ನು ದೋಷವೆಂದು ನಾವು ಹೇಳುತ್ತಿಲ್ಲ. ಎರಡು ಭಾಷೆಗಳ ವ್ಯಾಕರಣ ಬಲ್ಲ ವಿದ್ಯಾರ್ಥಿ ಇಂಥ ಲಾಭನಷ್ಟಗಳನ್ನು ತಾನೇ ತೂಗಬಲ್ಲನೆಂದು ಹೇಳುತ್ತಿದ್ದೇವೆ. ಲಾಯಿಲದ ಹುಡುಗಿಗೂ ಸವದತ್ತಿಯ ಹುಡುಗನಿಗೂ ವಚನವೊಂದನ್ನು ಎರಡು ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು ಓದಿಸಿದರೆ, ಹತ್ತು ಗೈಡುಗಳು ಮಾಡಲಾರದ ಕೆಲಸವನ್ನು ಒಂದು ಪಾಠ ಮಾಡೀತು.

ಪೂರ್ವಪಕ್ಷಗಳಿಲ್ಲದೆ ಇಲ್ಲ. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ತಾಯ್ನುಡಿ ನಡುವೆ ಬಂದರೆ ವಿದ್ಯಾರ್ಥಿ ಸದಾ ಮನಸ್ಸಿನಲ್ಲಿ ಅನುವಾದ ಮಾಡುತ್ತ ತಡವರಿಸುತ್ತಾನೆ ಎಂದು ಕೆಲವರು ವಾದಿಸುತ್ತಾರೆ. ಮಾತಾಡುವ ಅಭ್ಯಾಸಕ್ಕೆ ಈ ಮಾತು ಸಲ್ಲುತ್ತದೆ. ಕೇಳದೆ, ಆಡದೆ ಯಾವ ಭಾಷೆಯೂ ಬಾರದು. ಆದರೆ ಒಂದು ನಿಯಮ ಏಕೆ ಹಾಗಿದೆಯೆಂದು ತಿಳಿಯುವುದು ಬೇರೆ, ಅದನ್ನು ನಾಲಗೆಗೆ ರೂಢಿಸುವುದು ಬೇರೆ. ಮೊದಲನೆಯದಕ್ಕೆ ತಾಯ್ನುಡಿಗಿಂತ ಉತ್ತಮವಾದ ದೀಪವಿಲ್ಲ. ಹೋಲಿಕೆಯೆಂದರೆ ಒಂದು ಭಾಷೆಯ ಅಚ್ಚಿಗೆ ಇನ್ನೊಂದನ್ನು ಸುರಿಯುವುದೂ ಅಲ್ಲ. ಇಂಗ್ಲಿಷಿನ ಶಾಲಾ ವ್ಯಾಕರಣವನ್ನು ಲ್ಯಾಟಿನಿನ ಅಚ್ಚಿನಲ್ಲಿ ಎರೆದರೆಂದು ಅಲ್ಲಿಯ ಪಂಡಿತರು ದೂರಿದ್ದಾರೆ. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರೆದರೆಂದು ದಕ್ಷಿಣ ಕನ್ನಡದವರೇ ಆದ ಡಿ. ಎನ್. ಶಂಕರ ಭಟ್ಟರು ಬಹುಕಾಲ ವಾದಿಸಿದ್ದಾರೆ. ತುಳುವಿನ ವರ್ಣನಾತ್ಮಕ ವ್ಯಾಕರಣವನ್ನು 1967ರಲ್ಲಿ ಪ್ರಕಟಿಸಿದವರೂ ಅವರೇ. ಆ ಎಚ್ಚರಿಕೆಯನ್ನು ಉಳಿಸಿಕೊಂಡು ಸಾಮ್ಯವನ್ನೂ ಭೇದವನ್ನೂ ಸಮನಾಗಿ ತೋರಿಸಬೇಕು.

ಎರಡನೆಯ ಪೂರ್ವಪಕ್ಷ ಅಧ್ಯಾಪಕರದು: ಪಾಠ ಮುಗಿಯಬೇಕು, ಪರೀಕ್ಷೆ ಹತ್ತಿರ ಬಂದಿದೆ, ಒಬ್ಬನೇ ಶಿಕ್ಷಕ ಹಲವು ತರಗತಿಗಳನ್ನು ನೋಡಬೇಕು, ಇಷ್ಟು ಬಿಡಿಸಿ ಓದಿಸಲು ಸಮಯವೆಲ್ಲಿ? ಈ ಮಾತಿನಲ್ಲಿ ಸತ್ಯವಿದೆ. ಗೈಡು ಹುಟ್ಟಿದ್ದು ಸೋಮಾರಿತನದಿಂದ ಮಾತ್ರವಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಬಡ ಹುಡುಗನಿಗೆ ಅದೊಂದೇ ಆಸರೆಯೂ ಆಗಿದೆ. ಆದುದರಿಂದ ಗೈಡನ್ನು ಸುಡಿರೆಂದು ನಾವು ಹೇಳಲಾರೆವು. ವರ್ಷಕ್ಕೆ ಎರಡೇ ಪದ್ಯಗಳನ್ನಾದರೂ ಐದಂಗಗಳಿಂದ ಓದಿಸಿರಿ, ಉಳಿದವನ್ನು ಹೇಗಾದರೂ ಮುಗಿಸಿರಿ ಎಂದಷ್ಟೇ ಬೇಡಿಕೆ. ಎರಡು ಪದ್ಯಗಳನ್ನು ನಿಜವಾಗಿ ಓದಿದವನು ಮೂರನೆಯದನ್ನು ತಾನೇ ಓದಿಯಾನು.

ಏಕೆಂದರೆ ಇಲ್ಲಿ ಪಣಕ್ಕಿರುವುದು ಅಂಕಗಳಲ್ಲ. ಗೈಡಿನ ವಾಕ್ಯಗಳನ್ನು ಒಪ್ಪಿಸಿ ತೇರ್ಗಡೆಯಾದ ಹಳ್ಳಿಯ ವಿದ್ಯಾರ್ಥಿ ಕಾಲೇಜಿನಲ್ಲಿ ಮೌನಿಯಾಗುತ್ತಾನೆ. ಅವನಿಗೆ ಇಂಗ್ಲಿಷ್ ದಕ್ಕಿಲ್ಲ. ಮನೆಯ ಮಾತು ಕೀಳೆಂಬ ಭಾವನೆಯಿಂದ ಅದೂ ಕೈಬಿಟ್ಟಿದೆ. ಎರಡೂ ಇಲ್ಲದವನಿಗೆ ತನ್ನದೊಂದು ಅಭಿಪ್ರಾಯವನ್ನು ಹೇಳಲು ಭಾಷೆಯೇ ಇರುವುದಿಲ್ಲ. ತನ್ನ ಅಭಿಪ್ರಾಯ ಹೇಳಲಾರದವನ ಮೇಲೆ ಇತರರ ಅಭಿಪ್ರಾಯ ಸವಾರಿ ಮಾಡುತ್ತದೆ. ಅಕ್ಷರ ಕಲಿತೂ ದಾಸನಾಗುವುದು ಇದೇ.

ಬೆಳ್ತಂಗಡಿಗೆ ನೆರೆಯಾದ ಮೂಡಬಿದಿರೆಯ ರತ್ನಾಕರವರ್ಣಿ 1557ರಲ್ಲಿ ‘ಭರತೇಶ ವೈಭವ’ವನ್ನು ಬರೆದನು. ತನ್ನ ಕಾವ್ಯವನ್ನು ಕೇಳಿ ಕನ್ನಡಿಗರೂ ತೆಲುಗರೂ ತುಳುವರೂ ತಂತಮ್ಮ ನುಡಿಯಲ್ಲಿಯೇ ಮೆಚ್ಚುಗೆ ಸೂಸಬೇಕೆಂದು ಅವನು ಆಶಿಸಿದನು. ಕಾವ್ಯ ಕನ್ನಡದ್ದು, ಮೆಚ್ಚುಗೆ ಮಾತ್ರ ಅವರವರ ತಾಯ್ನುಡಿಯದು. ನಾಲ್ಕೂವರೆ ಶತಮಾನಗಳ ಹಿಂದೆ ಆ ಕವಿಗೆ ಹೊಳೆದ ಈ ತಥ್ಯವನ್ನು ನಮ್ಮ ಇಂಗ್ಲಿಷ್ ತರಗತಿಗಳು ಇಂದಿಗಾದರೂ ಅಂಗೀಕರಿಸಬೇಕು. ಪದ್ಯ ಇಂಗ್ಲಿಷಿನದಿರಲಿ, ಅದು ಏಕೆ ಇಷ್ಟವಾಯಿತೆಂದು ಮಗು ಮೊದಲು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಹೇಳಲಿ. ಇಂಗ್ಲಿಷಿನಲ್ಲಿ ಬರೆಯುವುದು ಆಮೇಲಿನ ಕೆಲಸ. ಹೇಳಲು ಏನಾದರೂ ಇದ್ದವನಿಗೆ ಅದನ್ನು ಬರೆಯಲು ಕಲಿಸಬಹುದು.

ಕೊನೆಗೊಂದು ಮಾತು ನಮ್ಮವರಿಗೇ. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಶಿಕ್ಷಕರೇ. ನಾಡಿನ ಅನೇಕ ಮಠಗಳು ಪ್ರಸಾದ ನಿಲಯಗಳನ್ನು ನಡೆಸಿ ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿವೆ. ಆ ನಿಲಯಗಳಲ್ಲಿ ಸಾಯಂಕಾಲದ ಪ್ರಾರ್ಥನೆಯಾದ ಮೇಲೆ ವಾರಕ್ಕೊಂದು ಗಂಟೆಯನ್ನು ಇದಕ್ಕೆ ಮೀಸಲಿಡಲು ಹೆಚ್ಚಿನ ಹಣ ಬೇಕಾಗಿಲ್ಲ. ಒಂದು ವಚನ, ಒಂದು ಇಂಗ್ಲಿಷ್ ಪದ್ಯ. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು, ಕ್ರಿಯಾಪದ ಯಾವುದು, ಯಾರು ಯಾರಿಗೆ ಹೇಳುತ್ತಿದ್ದಾರೆ, ಕಾಲ ಎಲ್ಲಿ ಬದಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಉತ್ತರವನ್ನು ನಾವು ಹೇಳಬಾರದು. ಮಕ್ಕಳು ಹೇಳುವವರೆಗೆ ಕಾಯಬೇಕು. ಈ ಪತ್ರಿಕೆಯನ್ನು ಓದುವ ಅಧ್ಯಾಪಕರೂ ನಿಲಯಪಾಲಕರೂ ಬರುವ ತಿಂಗಳಿಂದಲೇ ಇದನ್ನು ಆರಂಭಿಸುವರೆಂದು ಹಾರೈಸುತ್ತೇವೆ.